ಕದ್ದವನಿಗೆ ದಕ್ಕದ ಹೊತ್ತಗೆ

1914ರ ಆಗಸ್ಟ್ ತಿಂಗಳ ಕೊನೆ. ಮೊದಲ ಮಹಾಯುದ್ಧ ಶುರುವಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಹೋಟೆಲೊಂದಕ್ಕೆ ಅಮೆರಿಕದ ಪ್ರವಾಸಿಯೊಬ್ಬ ಬಂದಿಳಿದ. ಮಾತಿನ ಧಾಟಿ ಅಮೆರಿಕದ್ದು, ಜೇಬಿನಲ್ಲಿದ್ದ ಪಾಸ್‌ಪೋರ್ಟೂ ಅಮೆರಿಕದ್ದೇ. ಅದು ನಕಲಿಯಾಗಿರಲಿಲ್ಲ, ಅಪ್ಪಟ ಅಸಲಿ. ಆದರೆ ಅವನದಾಗಿರಲಿಲ್ಲ. ಅವನ ನಿಜವಾದ ಹೆಸರು ಕಾರ್ಲ್ ಹಾನ್ಸ್ ಲೋಡಿ. ಜರ್ಮನ್ ನೌಕಾಪಡೆಯ ಬೇಹುಗಾರ. ಯುದ್ಧ ಸಿಡಿದಾಗ ಬರ್ಲಿನ್‌ನಲ್ಲಿ ಸಿಕ್ಕಿಕೊಂಡಿದ್ದ ಅಮೆರಿಕನ್ ಒಬ್ಬರು ಪ್ರಯಾಣದ ಅನುಮತಿಗೆಂದು ತಮ್ಮ ಪಾಸ್‌ಪೋರ್ಟನ್ನು ಅಲ್ಲಿನ ಕಚೇರಿಗೆ ಒಪ್ಪಿಸಿದ್ದರು. ಅದು ಕಚೇರಿಯಲ್ಲೇ ಕಾಣೆಯಾಯಿತು. ಕಾಣೆಯಾದದ್ದು ಹೋಗಿ ಸೇರಿದ್ದು ಲೋಡಿಯ ಕೈಯನ್ನು.

ಯುದ್ಧನೌಕೆಗಳ ಓಡಾಟದ ಸುದ್ದಿಯನ್ನು ಅವನು ಸ್ವೀಡನ್ನಿನ ವಿಳಾಸವೊಂದಕ್ಕೆ ಬರೆದು ಕಳಿಸುತ್ತಿದ್ದ. ಬ್ರಿಟಿಷ್ ಅಂಚೆ ತಪಾಸಣೆಯವರು ಆ ಪತ್ರಗಳನ್ನು ಒಡೆದು ಓದುತ್ತಿದ್ದರು. ಅಕ್ಟೋಬರ್ 2ರಂದು ಐರ್ಲೆಂಡಿನ ಕಿಲಾರ್ನಿಯಲ್ಲಿ ಅವನು ಸಿಕ್ಕಿಬಿದ್ದ. ನವೆಂಬರ್ 6ರಂದು ಲಂಡನ್ ಟವರ್‌ನಲ್ಲಿ ಅವನಿಗೆ ಗುಂಡಿಕ್ಕಲಾಯಿತು. ಸಿಕ್ಕಿಬಿದ್ದದ್ದು ಪತ್ರಗಳಿಂದ, ಪಾಸ್‌ಪೋರ್ಟಿನಿಂದಲ್ಲ. ಯಾರದೋ ಹೆಸರಿನ ಕಾಗದ ಹಿಡಿದು ಅವನು ವಾರಗಟ್ಟಲೆ ಓಡಾಡಲು ಸಾಧ್ಯವಾದದ್ದಕ್ಕೆ ಕಾರಣ ಬಹಳ ಸರಳ. ಆ ಪಾಸ್‌ಪೋರ್ಟಿನಲ್ಲಿ ಫೋಟೊ ಇರಲಿಲ್ಲ.

ಅದೇ ಡಿಸೆಂಬರಿನಲ್ಲಿ ಅಮೆರಿಕ ಪಾಸ್‌ಪೋರ್ಟಿಗೆ ಫೋಟೊ ಕಡ್ಡಾಯ ಮಾಡಿತು. 1915ರಲ್ಲಿ ಬಂದ ಬ್ರಿಟನ್ನಿನ ಹೊಸ ಪಾಸ್‌ಪೋರ್ಟ್ ಎಂಟು ಮಡಿಕೆಯ ಒಂದೇ ಹಾಳೆ, ಮೇಲೆ ರಟ್ಟಿನ ಹೊದಿಕೆ. ಅದರಲ್ಲಿ ಫೋಟೊ, ಸಹಿ, ಜೊತೆಗೆ ಹಣೆ ಹೇಗಿದೆ, ಮೂಗು ಹೇಗಿದೆ, ಮೈಬಣ್ಣ ಎಂಥದು ಎಂಬ ಮುಖವರ್ಣನೆಯೂ ಇತ್ತು. ಮೂಗಿಗೆ ವಿಶೇಷಣ ಹಚ್ಚಿಸಿಕೊಳ್ಳುವುದನ್ನು ಎಷ್ಟೋ ಜನ ಅವಮಾನವೆಂದೇ ಭಾವಿಸಿದರು.

ಪರದೇಶದಲ್ಲಿ ಪಾಸ್‌ಪೋರ್ಟ್, ದುಡ್ಡು, ಒಡವೆ ಜೋಪಾನ ಎಂದ ಕೂಡಲೇ ನಮ್ಮ ಮನಸ್ಸು ಓಡುವುದು ಬಚ್ಚಿಡುವ ಕಡೆಗೆ. ಸೊಂಟಕ್ಕೆ ಕಟ್ಟುವ ಚೀಲ, ಬನಿಯನ್ನಿನೊಳಗಿನ ಜೇಬು, ಸೂಟ್‌ಕೇಸಿನ ಅಡಿಯ ಪದರ. ನಮ್ಮ ಹಿರಿಯರು ಸಂತೆಗೆ, ಜಾತ್ರೆಗೆ, ಕಾಶಿಗೆ ಹೊರಟಾಗಲೂ ಇದನ್ನೇ ಮಾಡಿದರು. ಗಂಡಸರು ಹಮ್ಮಿಣಿಯಲ್ಲಿ ನಾಣ್ಯ ತುಂಬಿ ಸೊಂಟಕ್ಕೆ ಬಿಗಿದುಕೊಂಡರು, ಪಟಾಪಟಿ ಚಡ್ಡಿಗೆ ಒಳಜೇಬು ಹೊಲಿಸಿದರು. ಹೆಂಗಸರು ಸೆರಗಿನ ಗಂಟನ್ನು ನೆಚ್ಚಿದರು. ಇವತ್ತು ವಿಮಾನ ನಿಲ್ದಾಣದ ಅಂಗಡಿಯಲ್ಲಿ ಮಾರುವ ನೈಲಾನ್ ಮನಿಬೆಲ್ಟ್ ಹಮ್ಮಿಣಿಗಿಂತ ಹೆಚ್ಚೇನೂ ಮುಂದೆ ಹೋಗಿಲ್ಲ. ಬಚ್ಚಿಡುವ ಕಲೆ ಶತಮಾನಗಳಿಂದ ನಿಂತಲ್ಲೇ ನಿಂತಿದೆ. ಬೆಳೆದದ್ದು ಬೇರೆ ವಿದ್ಯೆ: ಕದ್ದರೂ ಕದ್ದವನಿಗೆ ದಕ್ಕದಂತೆ ಮಾಡುವುದು. ಪ್ರಯಾಣಿಕನ ಸುರಕ್ಷತೆಯಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದೆಲ್ಲ ಈ ಎರಡನೆಯ ವಿದ್ಯೆಯ ಫಲ ಎಂಬುದು ನನ್ನ ನಂಬಿಕೆ. ಇದಕ್ಕೆ ಬಗ್ಗದ ಒಂದು ಅಪಾಯವೂ ಇದೆ. ಕರಾವಳಿಯ ಸಾವಿರಾರು ಮನೆಗಳಿಗೆ ಅದರ ಗುರುತು ಚೆನ್ನಾಗಿಯೇ ಇದೆ.

ದುಡ್ಡಿನ ವಿಷಯದಲ್ಲಿ ಈ ವಿದ್ಯೆ ನಮ್ಮ ನಾಡಿಗೆ ಹಳೆಯದು. ದೂರದೂರಿಗೆ ವ್ಯಾಪಾರಕ್ಕೆ ಹೋಗುವವರು ಥೈಲಿ ಹೊತ್ತು ಕಾಡುದಾರಿ ಹಿಡಿಯುತ್ತಿರಲಿಲ್ಲ. ಸಾಹುಕಾರನಲ್ಲಿ ಹಣ ಕಟ್ಟಿ ಹುಂಡಿ ಬರೆಸಿಕೊಂಡು ಹೋಗುತ್ತಿದ್ದರು. ಅದರಲ್ಲೂ ಶಾಹಜೋಗ್ ಹುಂಡಿಯ ಏರ್ಪಾಡು ಬಹಳ ಜಾಣತನದ್ದು. ಕಾಗದ ಹಿಡಿದು ಬಂದವರಿಗೆಲ್ಲ ಹಣ ಕೊಡುವಂತಿಲ್ಲ. ಪೇಟೆಯಲ್ಲಿ ಹೆಸರು ಮಾಡಿದ ಮರ್ಯಾದಸ್ಥ ವರ್ತಕನ ಕೈಯಿಂದ ಬಂದರೆ ಮಾತ್ರ ಹಣ ಬಿಡುಗಡೆ. ದಾರಿಯಲ್ಲಿ ದೋಚಿದವನು ಅದನ್ನು ತಂದು ಗದ್ದಿಗೆಯ ಮುಂದೆ ನಿಂತರೆ ಅವನೇ ಸಿಕ್ಕಿಬೀಳುತ್ತಿದ್ದ. ಮೂಲ ಹುಂಡಿ ಕಳೆದುಹೋದರೆ ಅದರ ಪ್ರತಿಯಾಗಿ ಪೈಠ್, ಅದೂ ಕಳೆದರೆ ಮೂರನೆಯದಾಗಿ ಪರಪೈಠ್ ಬರೆದುಕೊಡುತ್ತಿದ್ದರು. ಒಂದರ ಮೇಲೆ ಹಣ ಸಂದಾಯವಾದರೆ ಉಳಿದವು ರದ್ದು. ಕಾಗದ ಕಳೆಯುವುದು ಸಹಜ, ಹಾಗೆಂದು ಹಣ ಕಳೆಯಬೇಕಾಗಿಲ್ಲ ಎಂದು ಆ ವರ್ತಕರು ಅರಿತಿದ್ದರು.

ಯುರೋಪಿನಲ್ಲಿ ರಾಬರ್ಟ್ ಹೆರೀಸ್ ಎಂಬ ಲಂಡನ್ ಬ್ಯಾಂಕರ್ 1770ರ ದಶಕದ ಆರಂಭದಲ್ಲಿ ಇಂಥದ್ದೇ ಪ್ರವಾಸಿ ಚೀಟಿಗಳನ್ನು ಚಾಲ್ತಿಗೆ ತಂದ. ನೂರು ವರ್ಷದ ನಂತರ ಥಾಮಸ್ ಕುಕ್ ಕಂಪನಿ ತನ್ನ ಪ್ರವಾಸಿಗಳಿಗೆ ಅದನ್ನೇ ಒದಗಿಸಿತು. 1890ರ ಸುಮಾರಿಗೆ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯ ಅಧ್ಯಕ್ಷ ಜೇಮ್ಸ್ ಫಾರ್ಗೊ ಯುರೋಪಿಗೆ ಹೋಗಿ ಬೇಸರದಿಂದ ಮರಳಿದ. ಅವನ ಬಳಿ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಇತ್ತು, ಆದರೆ ದೊಡ್ಡ ನಗರಗಳನ್ನು ಬಿಟ್ಟರೆ ಬೇರೆಲ್ಲೂ ಅದು ನಡೆಯಲಿಲ್ಲ. ಕಂಪನಿಯ ಅಧ್ಯಕ್ಷನ ಪಾಡೇ ಹೀಗಾದರೆ ಉಳಿದವರ ಗತಿಯೇನು? ಅವನ ಕೈಕೆಳಗಿನ ಮಾರ್ಸೆಲಸ್ ಬೆರಿ ಇದಕ್ಕೊಂದು ಉಪಾಯ ಹುಡುಕಿದ. 1891ರಲ್ಲಿ ಟ್ರಾವೆಲರ್ಸ್ ಚೆಕ್ ಬಂತು. ಕೊಳ್ಳುವಾಗ ಒಂದು ಸಹಿ, ನಗದು ಮಾಡಿಸುವಾಗ ಗುಮಾಸ್ತನ ಕಣ್ಣೆದುರು ಇನ್ನೊಂದು ಸಹಿ. ಎರಡೂ ತಾಳೆಯಾದರೆ ಹಣ. ಕದ್ದವನು ಎದುರಿಗೆ ನಿಂತು ಇನ್ನೊಬ್ಬರ ಸಹಿ ಹಾಕಬೇಕು. ಚೆಕ್ ಕಳೆದರೆ ಕ್ರಮಸಂಖ್ಯೆ ತಿಳಿಸಿ ಬದಲಿ ಪಡೆಯಬಹುದು.

ಈ ಕ್ರಮಸಂಖ್ಯೆಗಳ ಪಟ್ಟಿಯನ್ನು ಚೆಕ್ಕುಗಳ ಜೊತೆಗೆ ಇಡಬಾರದು, ಬೇರೆ ಚೀಲದಲ್ಲಿಡಬೇಕು ಎಂದು ಕೊಡುವಾಗಲೇ ಹೇಳುತ್ತಿದ್ದರು. ಚೆಕ್ಕುಗಳ ಕಾಲ ಈಗ ಬಹುಮಟ್ಟಿಗೆ ಮುಗಿಯಿತು. ಎಟಿಎಂ ಮತ್ತು ಫಾರೆಕ್ಸ್ ಕಾರ್ಡ್ ಅದರ ಜಾಗ ಹಿಡಿದಿವೆ. ಆದರೆ ಆ ಒಂದು ಬುದ್ಧಿವಾದ ಮಾತ್ರ ಹಾಗೇ ಉಳಿಯಬೇಕಾದದ್ದು. ಕಾರ್ಡನ್ನು ನಿಲ್ಲಿಸಲು ಕರೆ ಮಾಡಬೇಕಾದ ನಂಬರು ಕಾರ್ಡಿನ ಬೆನ್ನ ಮೇಲೆ ಮಾತ್ರ ಇದ್ದರೆ, ಕಾರ್ಡ್ ಹೋದಾಗ ಅದೂ ಹೋಗುತ್ತದೆ. ಎರಡನೆಯ ಕಾರ್ಡೂ ಅದೇ ಪರ್ಸಿನಲ್ಲಿದ್ದರೆ ಅದು ಎರಡನೆಯ ಕಾರ್ಡೇ ಅಲ್ಲ.

ಮತ್ತೆ ಪಾಸ್‌ಪೋರ್ಟಿಗೆ ಬರೋಣ. ಮಹಾಯುದ್ಧಕ್ಕೆ ಮುಂಚೆ ಯುರೋಪಿನ ಬಹುಭಾಗದಲ್ಲಿ ಪಾಸ್‌ಪೋರ್ಟ್ ಇಲ್ಲದೆಯೇ ಓಡಾಡಬಹುದಿತ್ತು. ಯುದ್ಧ ಅದಕ್ಕೆ ಕೊನೆ ಹಾಡಿತು. 1920ರ ಅಕ್ಟೋಬರಿನಲ್ಲಿ ರಾಷ್ಟ್ರಸಂಘ ಪ್ಯಾರಿಸ್‌ನಲ್ಲಿ ಸಭೆ ಸೇರಿಸಿ, ಎಲ್ಲ ದೇಶಗಳ ಪಾಸ್‌ಪೋರ್ಟೂ ಒಂದೇ ಮಾದರಿಯಲ್ಲಿರಲಿ ಎಂದು ಸೂಚಿಸಿತು: 32 ಪುಟದ ಪುಸ್ತಿಕೆ, 15.5 ಸೆಂಟಿಮೀಟರ್ ಉದ್ದ, 10.5 ಸೆಂಟಿಮೀಟರ್ ಅಗಲ. ಪರಿಸ್ಥಿತಿ ತಿಳಿಯಾದ ಮೇಲೆ ಪಾಸ್‌ಪೋರ್ಟೇ ಬೇಡವಾಗಬಹುದೆಂಬ ಆಸೆ ಆಗ ಅನೇಕರಿಗಿತ್ತು. ಆಸೆ ಕೈಗೂಡಲಿಲ್ಲ, ಪುಸ್ತಿಕೆ ಉಳಿಯಿತು. ಅದೇ ವರ್ಷ ಬ್ರಿಟಿಷ್ ಭಾರತದಲ್ಲೂ ಪಾಸ್‌ಪೋರ್ಟ್ ಕಾಯ್ದೆ ಜಾರಿಯಾಯಿತು. ಅದರ ಉದ್ದೇಶ ದೇಶದೊಳಗೆ ಬರುವವರನ್ನು ತಡೆದು ನೋಡುವುದೇ ಹೊರತು ಹೊರಡುವವರಿಗೆ ಹಕ್ಕು ಕೊಡುವುದಾಗಿರಲಿಲ್ಲ.

ಫೋಟೊ ಅಂಟಿಸಿದ ಮಾತ್ರಕ್ಕೆ ಪಾಸ್‌ಪೋರ್ಟ್ ಭದ್ರವಾಯಿತೇ? ಅಂಟಿಸಿದ್ದನ್ನು ಕೀಳಬಹುದು, ಇನ್ನೊಂದನ್ನು ಅಂಟಿಸಬಹುದು. ಇದಕ್ಕೆ ನಮ್ಮ ಇತಿಹಾಸದಲ್ಲೇ ಎಲ್ಲರಿಗೂ ಗೊತ್ತಿರುವ ಉದಾಹರಣೆಯಿದೆ. ಕೋಲ್ಕತ್ತದ ಗೃಹಬಂಧನದಿಂದ ತಪ್ಪಿಸಿಕೊಂಡು ಕಾಬೂಲ್ ತಲುಪಿದ್ದ ಸುಭಾಷ್‌ಚಂದ್ರ ಬೋಸರು 1941ರ ಮಾರ್ಚ್‌ನಲ್ಲಿ ಅಲ್ಲಿಂದ ಮಾಸ್ಕೋ ಮಾರ್ಗವಾಗಿ ಬರ್ಲಿನ್ನಿಗೆ ಹೋದದ್ದು ಓರ್ಲಾಂಡೊ ಮಜೋಟ್ಟ ಎಂಬ ಹೆಸರಿನ ಇಟಾಲಿಯನ್ ಪಾಸ್‌ಪೋರ್ಟಿನಲ್ಲಿ. ಹೆಸರು ಇಟಲಿಯವನದು, ಅಂಟಿಸಿದ್ದ ಫೋಟೊ ಬೋಸರದು. ಒಂದು ದೇಶದ ಸ್ವಾತಂತ್ರ್ಯ ಹೋರಾಟಕ್ಕೆ ಒದಗಿಬಂದ ಆ ಸಡಿಲು ಕಳ್ಳರಿಗೂ ದಲ್ಲಾಳಿಗಳಿಗೂ ಅಷ್ಟೇ ಸಲೀಸಾಗಿ ಒದಗಿಬರುತ್ತಿತ್ತು. ಕೈಬರಹದ ಪಾಸ್‌ಪೋರ್ಟುಗಳ ಕಾಲದುದ್ದಕ್ಕೂ ಫೋಟೊ ಬದಲಿಸುವ ಕಸುಬು ನಡೆದೇ ಇತ್ತು.

ಅದಕ್ಕೆ ಮದ್ದು ಬಂದದ್ದು ವಿಮಾನಯಾನದ ಕಡೆಯಿಂದ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1980ರಲ್ಲಿ ಯಂತ್ರ ಓದಬಲ್ಲ ಪಾಸ್‌ಪೋರ್ಟಿನ ಮಾದರಿಯನ್ನು ಪ್ರಕಟಿಸಿತು. ನಿಮ್ಮ ಪಾಸ್‌ಪೋರ್ಟಿನ ಫೋಟೊ ಪುಟದ ಬುಡದಲ್ಲಿ ಎರಡು ಸಾಲು ವಿಚಿತ್ರ ಅಕ್ಷರಗಳಿವೆಯಲ್ಲ, ಒಂದೊಂದರಲ್ಲೂ 44 ಚಿಹ್ನೆ, ನಡುನಡುವೆ ಬಾಣದ ಮೊನೆಯಂಥ ಗುರುತು, ಅದೇ ಇದು. ಅದರೊಳಗೊಂದು ಲೆಕ್ಕ ಅಡಗಿದೆ. ಪಾಸ್‌ಪೋರ್ಟ್ ಸಂಖ್ಯೆಯ ಒಂದೊಂದು ಚಿಹ್ನೆಯನ್ನೂ ಕ್ರಮವಾಗಿ 7, 3, 1 ರಿಂದ ಗುಣಿಸಿ, ಕೂಡಿಸಿ, 10ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಪಕ್ಕದಲ್ಲೇ ಬರೆದಿರುತ್ತಾರೆ. ಹುಟ್ಟಿದ ದಿನಾಂಕಕ್ಕೆ, ಅವಧಿ ಮುಗಿಯುವ ದಿನಾಂಕಕ್ಕೆ ಹಾಗೆಯೇ ಒಂದೊಂದು ಶೇಷ. 3 ಅನ್ನು 8 ಎಂದು ತಿದ್ದಿದವನು ಶೇಷವನ್ನೂ ತಿದ್ದಬೇಕು. ಇಲ್ಲದಿದ್ದರೆ ಯಂತ್ರ ಒಪ್ಪುವುದಿಲ್ಲ. 2015ರ ನವೆಂಬರ್ 24ರ ನಂತರ ಯಂತ್ರ ಓದಲಾಗದ ಪಾಸ್‌ಪೋರ್ಟುಗಳು ಚಲಾವಣೆಯಲ್ಲಿ ಇರಕೂಡದೆಂದು ಗಡುವು ಬಿತ್ತು. ನಮ್ಮ ಕೈಬರಹದ ಹಳೆಯ ಪುಸ್ತಿಕೆಗಳು ಕಪಾಟು ಸೇರಿದ್ದು ಆಗಲೇ.

ಈ ಬದಲಾವಣೆಯಲ್ಲಿ ಕರ್ನಾಟಕ ಮುಂದಿನ ಸಾಲಿನಲ್ಲಿತ್ತು. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳನ್ನು ಪ್ರಯೋಗಕ್ಕೆ ತೆರೆದಾಗ ಮೊದಲ ಪಟ್ಟಿಯಲ್ಲೇ ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಇದ್ದವು. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಂದ್ರ ನಡೆಸುವ ಪ್ರಯೋಗ 2017ರ ಜನವರಿಯಲ್ಲಿ ಶುರುವಾದದ್ದು ಎರಡೇ ಊರುಗಳಲ್ಲಿ: ಗುಜರಾತಿನ ದಾಹೋದ್ ಮತ್ತು ನಮ್ಮ ಮೈಸೂರು. ಅನುಕೂಲ ಕೇವಲ ಸರತಿ ಸಾಲಿನದಲ್ಲ. ದಾಖಲೆಗಳೆಲ್ಲ ಒಂದೇ ಜಾಲಕ್ಕೆ ಸೇರಿದ್ದರಿಂದ, ಪುಸ್ತಿಕೆ ಎಲ್ಲೋ ಕಳೆದರೂ ಅದರ ಹಿಂದಿನ ಮನುಷ್ಯನ ವಿವರ ಕಳೆಯದಂತಾಯಿತು. ಪರದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ಅಧಿಕಾರಿ ಅದನ್ನು ತೆಗೆದು ನೋಡಬಹುದು.

ಆದರೆ ದಾಖಲೆ ಇದ್ದರೆ ಸಾಲದು, ಅದನ್ನು ನೋಡುವವರೂ ಬೇಕು. ಅಮೆರಿಕದ ಮೇಲಿನ 2001ರ ದಾಳಿಯ ಬಳಿಕ, 2002ರಲ್ಲಿ, ಇಂಟರ್‌ಪೋಲ್ ಕಳವಾದ ಮತ್ತು ಕಳೆದುಹೋದ ಪ್ರಯಾಣ ದಾಖಲೆಗಳ ಕೋಶವನ್ನು ಕಟ್ಟಿತು. ದೇಶಗಳು ತಮ್ಮ ಪ್ರಜೆಗಳ ಕಳೆದ ಪಾಸ್‌ಪೋರ್ಟುಗಳ ಸಂಖ್ಯೆಯನ್ನು ಅದಕ್ಕೆ ಸೇರಿಸುತ್ತವೆ. ಗಡಿಯಲ್ಲಿ ಕುಳಿತವರು ಮುಂದೆ ಬಂದ ಸಂಖ್ಯೆಯನ್ನು ಅದರೊಂದಿಗೆ ತಾಳೆ ನೋಡಬೇಕು. ಇದರ ಬೆಲೆ ಲೋಕಕ್ಕೆ ತಿಳಿದದ್ದು 2014ರ ಮಾರ್ಚ್ 8ರಂದು, ಕ್ವಾಲಾಲಂಪುರದಿಂದ ಬೀಜಿಂಗ್‌ಗೆ ಹೊರಟ ಮಲೇಷ್ಯಾದ ಎಂಎಚ್ 370 ವಿಮಾನ ಕಾಣೆಯಾದಾಗ. ಪ್ರಯಾಣಿಕರ ಪಟ್ಟಿಯಲ್ಲಿ ಇಟಲಿಯ ಒಬ್ಬರ, ಆಸ್ಟ್ರಿಯಾದ ಒಬ್ಬರ ಹೆಸರಿತ್ತು. ಇಬ್ಬರೂ ವಿಮಾನದಲ್ಲಿರಲಿಲ್ಲ, ಜೀವಂತವಾಗಿದ್ದರು. ಇಟಲಿಯವರು ಥಾಯ್ಲೆಂಡಿನಿಂದ ಮನೆಗೆ ಫೋನ್ ಮಾಡಿ ತಾವು ಬದುಕಿರುವುದನ್ನು ತಿಳಿಸಬೇಕಾಯಿತು. ಅವರ ಪಾಸ್‌ಪೋರ್ಟುಗಳು ಥಾಯ್ಲೆಂಡಿನಲ್ಲಿ ಕಳವಾಗಿದ್ದವು, ಒಂದು 2012ರಲ್ಲಿ, ಇನ್ನೊಂದು 2013ರಲ್ಲಿ. ಅವುಗಳ ಮೇಲೆ ಪ್ರಯಾಣಿಸಿದ್ದವರು ಇರಾನಿನ ಇಬ್ಬರು ಯುವಕರು. ಯುರೋಪಿನಲ್ಲಿ ಹೊಸ ಬದುಕು ಕಟ್ಟಿಕೊಳ್ಳಲು ಹೊರಟಿದ್ದವರು. ಭಯೋತ್ಪಾದನೆಯ ನಂಟು ಕಂಡುಬರಲಿಲ್ಲ.

ಎರಡೂ ಸಂಖ್ಯೆಗಳು ಇಂಟರ್‌ಪೋಲ್ ಕೋಶದಲ್ಲಿ ಆಗಲೇ ಇದ್ದವು. ಪಾಸ್‌ಪೋರ್ಟ್ ಕಳೆದುಕೊಂಡವರು ದೂರು ಕೊಟ್ಟಿದ್ದರು, ಅವರ ಸರ್ಕಾರಗಳು ಸಂಖ್ಯೆ ಸೇರಿಸಿದ್ದವು. ಕ್ವಾಲಾಲಂಪುರದಲ್ಲಿ ಯಾರೂ ನೋಡಲಿಲ್ಲ, ಅಷ್ಟೆ. ಅದಕ್ಕೆ ಹಿಂದಿನ ವರ್ಷ ನೂರು ಕೋಟಿಗೂ ಹೆಚ್ಚು ಬಾರಿ ಪ್ರಯಾಣಿಕರು ಈ ತಪಾಸಣೆಯಿಲ್ಲದೆ ವಿಮಾನ ಹತ್ತಿದ್ದಾರೆಂದು ಇಂಟರ್‌ಪೋಲ್ ಆಗ ಬೇಸರದಿಂದ ಹೇಳಿತು. ಆ ದುರಂತದ ನಂತರ ಹಲವು ದೇಶಗಳು ಎಚ್ಚೆತ್ತುಕೊಂಡವು.

ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಇನ್ನೂ ಒಂದಿದೆ. ಇಟಲಿಯ ಆ ಪ್ರವಾಸಿಯ ಪಾಸ್‌ಪೋರ್ಟನ್ನು ಯಾರೂ ಜೇಬಿನಿಂದ ಎಗರಿಸಲಿಲ್ಲ. ಫುಕೆಟ್‌ನಲ್ಲಿ ಬಾಡಿಗೆ ಬೈಕಿಗೆ ಅದನ್ನು ಅವರು ಅಡಮಾನವಾಗಿ ಕೊಟ್ಟಿದ್ದರು. ಬೈಕ್ ಮರಳಿಸಿದಾಗ ಪಾಸ್‌ಪೋರ್ಟ್ ಅಂಗಡಿಯಲ್ಲಿರಲಿಲ್ಲ. ಆಗ್ನೇಯ ಏಷ್ಯಾದ ಕಡಲತೀರಗಳಲ್ಲಿ ಈ ಪದ್ಧತಿ ಇವತ್ತಿಗೂ ಇದೆ, ಅಲ್ಲಿಗೆ ನಮ್ಮವರೂ ಈಗ ದಂಡುಗಟ್ಟಿ ಹೋಗುತ್ತಾರೆ. ಅಂಗಡಿಯವನು ನಗುತ್ತಲೇ ಕೇಳುತ್ತಾನೆ, ನಾವು ಮುಜುಗರಕ್ಕೆ ಕೊಟ್ಟುಬಿಡುತ್ತೇವೆ. ಪಾಸ್‌ಪೋರ್ಟನ್ನು ಒತ್ತೆ ಇಡಬೇಡಿ. ನಗದು ಠೇವಣಿ ಕೊಡುತ್ತೇನೆ, ನೆರಳಚ್ಚು ಪ್ರತಿ ಕೊಡುತ್ತೇನೆ ಎನ್ನಿ. ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಿ. ಹೋಟೆಲಿನವರು ವಿವರ ಬರೆದುಕೊಳ್ಳಲು, ಪ್ರತಿ ತೆಗೆದುಕೊಳ್ಳಲು ಕೇಳುವುದು ಬೇರೆ. ಬಹಳಷ್ಟು ದೇಶಗಳಲ್ಲಿ ಅದು ಅವರಿಗೆ ಕಾನೂನು ವಿಧಿಸಿದ ಕೆಲಸ. ಅದು ಮುಗಿಯುವವರೆಗೆ ಕೌಂಟರಿನ ಮುಂದೆ ನಿಂತಿದ್ದು ವಾಪಸು ಇಸಿದುಕೊಂಡೇ ಕೋಣೆಗೆ ಹೋಗಬೇಕು.

ಜೇಬುಗಳ್ಳರ ಸಂಗತಿಯನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಎಲ್ಲರಿಗೂ ಗೊತ್ತಿರುವುದೇ. 2013ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯ ಒಂದು ದಿನ ಬಾಗಿಲು ಮುಚ್ಚಿತ್ತು. ಜೇಬುಗಳ್ಳರ ಗುಂಪುಗಳ ಹಾವಳಿ ತಾಳಲಾರದೆ ಸಿಬ್ಬಂದಿಯೇ ಕೆಲಸ ನಿಲ್ಲಿಸಿದ್ದರು. ಗಮನ ಬೇರೆಡೆ ಸೆಳೆಯುವುದೇ ಅವರ ಬಂಡವಾಳ: ಸಹಿ ಮಾಡಿ ಎಂದು ಹಾಳೆ ಚಾಚುವುದು, ಕೋಟಿನ ಮೇಲೆ ಏನೋ ಚೆಲ್ಲಿ ಒರೆಸಲು ಬರುವುದು. ಇವರಿಗಿಂತ ನಕಲಿ ಪೊಲೀಸರೇ ಹೆಚ್ಚು ಅಪಾಯ. ಮಫ್ತಿಯಲ್ಲಿ ಬಂದು ಬಿಲ್ಲೆ ಮಿಂಚಿಸಿ ಪರ್ಸು, ಪಾಸ್‌ಪೋರ್ಟ್ ತೋರಿಸು ಎನ್ನುತ್ತಾರೆ. ನಮ್ಮ ಜನ ಖಾಕಿಗೂ ಬಿಲ್ಲೆಗೂ ಬೇಗ ತಲೆಬಾಗುವವರು. ಠಾಣೆಗೇ ಬಂದು ತೋರಿಸುತ್ತೇನೆ ಎಂದು ಗಟ್ಟಿಯಾಗಿ ಹೇಳುವ ಧೈರ್ಯ ಬೇಕು. ಅಸಲಿ ಪೊಲೀಸರಾದರೆ ಅದಕ್ಕೆ ಒಪ್ಪುತ್ತಾರೆ.

ಪಾಸ್‌ಪೋರ್ಟನ್ನು ಹೋಟೆಲಿನ ಲಾಕರಿನಲ್ಲಿ ಇಡಬೇಕೇ, ಮೈಮೇಲೆ ಇಟ್ಟುಕೊಳ್ಳಬೇಕೇ ಎಂಬುದಕ್ಕೆ ಎಲ್ಲ ದೇಶಕ್ಕೂ ಒಂದೇ ಉತ್ತರವಿಲ್ಲ. ಜಪಾನಿನಲ್ಲಿ ವಿದೇಶಿ ಪ್ರವಾಸಿಗರು ಪಾಸ್‌ಪೋರ್ಟನ್ನು ಸದಾ ಜೊತೆಗೇ ಇಟ್ಟುಕೊಳ್ಳಬೇಕು ಎಂಬುದು ಕಾನೂನು; ಪೊಲೀಸರು ಕೇಳಿದಾಗ ತೋರಿಸದಿದ್ದರೆ ದಂಡ ಬೀಳಬಹುದು. ಅಲ್ಲಿ ಪ್ರತಿ ಸಾಲದು. ಹೋಗುವ ದೇಶದ ಕಾನೂನು ಏನೆಂದು ಮೊದಲೇ ನೋಡಿ ತೀರ್ಮಾನಿಸುವುದೊಂದೇ ದಾರಿ. ಚಿನ್ನದ ವಿಷಯದಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ. ಪ್ರವಾಸಕ್ಕೆ ಹೋಗುವಾಗ ಚಿನ್ನ ಮನೆಯಲ್ಲೇ ಇರಲಿ. ಪಾಸ್‌ಪೋರ್ಟಿಗೆ ಸಂಖ್ಯೆಯಿದೆ, ಕಾರ್ಡಿಗೆ ಪಿನ್ ಇದೆ; ಬಂಗಾರದ ಸರವೊಂದೇ ಕದ್ದವನಿಗೆ ಪೂರಾ ದಕ್ಕುವಂಥದ್ದು.

ಪಾಸ್‌ಪೋರ್ಟ್ ಹೋಯಿತು ಎನ್ನಿ. ಮೊದಲ ತಪ್ಪು ಕಾಯುವುದು. ಸಿಕ್ಕೀತು, ನೋಡೋಣ, ಸುಮ್ಮನೆ ದೂರು ಕೊಟ್ಟು ರದ್ದಾದರೆ ಎಂದು ದಿನ ತಳ್ಳುತ್ತೇವೆ. ಆ ಅವಧಿಯಲ್ಲಿ ಪುಸ್ತಿಕೆ ಯಾರ ಕೈಯಲ್ಲಿದ್ದರೂ ಯಂತ್ರದ ಕಣ್ಣಿಗೆ ಅದು ಸಾಚಾ. ಸ್ಥಳೀಯ ಠಾಣೆಯಲ್ಲಿ ದೂರು ಕೊಟ್ಟು, ಅದರ ಪ್ರತಿ ಹಿಡಿದು ಭಾರತದ ರಾಯಭಾರ ಕಚೇರಿಗೆ ಹೋಗಬೇಕು. ಪ್ರವಾಸ ಮುಂದುವರಿಸಬೇಕಾದವರು ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು. ಊರಿಗೆ ಮರಳಿದರೆ ಸಾಕು ಎನ್ನುವವರಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಭಾರತಕ್ಕೆ ಒಂದೇ ಬಾರಿಯ, ಒಂದೇ ದಿಕ್ಕಿನ ಪಯಣಕ್ಕೆ ಸಲ್ಲುವಂಥದ್ದು. ಕಳೆದದ್ದು ಆಮೇಲೆ ಸಿಕ್ಕರೂ ಅದನ್ನು ಬಳಸುವಂತಿಲ್ಲ. ಸಂಖ್ಯೆ ಆಗಲೇ ರದ್ದಾಗಿರುತ್ತದೆ. ಹಿಡಿದು ಗಡಿಗೆ ಹೋದರೆ ಕಳವಿನ ಮಾಲು ಹಿಡಿದವರಂತೆ ನಿಲ್ಲಬೇಕಾಗುತ್ತದೆ.

ಗಲ್ಫಿನಲ್ಲಿ ದುಡಿಯುವ ನಮ್ಮವರು ಆ ಸರ್ಟಿಫಿಕೇಟನ್ನು ಔಟ್‌ಪಾಸ್ ಎನ್ನುತ್ತಾರೆ. ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರಿನ ಕಡೆ ಔಟ್‌ಪಾಸ್‌ನಲ್ಲಿ ಬಂದ ಎಂದರೆ ಸಾಕು, ಉಳಿದ ಕಥೆ ಕೇಳಿದವರಿಗೆ ಅರ್ಥವಾಗುತ್ತದೆ. ಹಾಗೆ ಬಂದವರಲ್ಲಿ ಅನೇಕರ ಪಾಸ್‌ಪೋರ್ಟ್ ಕಳೆದಿರಲೂ ಇಲ್ಲ, ಕಳವಾಗಿರಲೂ ಇಲ್ಲ. ಕೆಲಸಕ್ಕೆ ಕರೆಸಿಕೊಂಡ ಧಣಿಯ, ಅಂದರೆ ಕಫೀಲನ ಕಪಾಟಿನಲ್ಲಿತ್ತು.

ಮೇಲೆ ಹೇಳಿದ ವಿದ್ಯೆಯೆಲ್ಲ ಸೋಲುವುದು ಇಲ್ಲಿ. ಫೋಟೊ, ಸಹಿ, ಶೇಷದ ಲೆಕ್ಕ, ಇಂಟರ್‌ಪೋಲ್ ಕೋಶ ಎಲ್ಲವೂ ಕದ್ದವನು ಪಾಸ್‌ಪೋರ್ಟನ್ನು ಬಳಸದಂತೆ ತಡೆಯುವುದಕ್ಕೆ. ಕಫೀಲನಿಗೆ ಅದನ್ನು ಬಳಸುವ ಅಗತ್ಯವೇ ಇಲ್ಲ. ನಿಮ್ಮ ಕೈಯಲ್ಲಿ ಅದು ಇಲ್ಲದಿರುವುದೇ ಅವನಿಗೆ ಲಾಭ. ವಿಮಾನ ನಿಲ್ದಾಣದಿಂದ ಬಂದ ದಿನವೇ ಇಕಾಮಾ, ಅಂದರೆ ವಾಸದ ಪರವಾನಗಿ ಮಾಡಿಸಬೇಕೆಂದು ಇಸಿದುಕೊಳ್ಳುತ್ತಾರೆ. ಇಕಾಮಾ ಬರುತ್ತದೆ, ಪಾಸ್‌ಪೋರ್ಟ್ ಮರಳುವುದಿಲ್ಲ. ಸಂಬಳ ಬಾಕಿಯಿದ್ದರೂ ಬಾಯಿ ಮುಚ್ಚಿಕೊಂಡಿರಬೇಕು. ತಾಳಲಾರದೆ ಹೊರಬಿದ್ದರೆ ಓಡಿಹೋದನೆಂದು ಹುರೂಬ್ ದೂರು ಬೀಳುತ್ತದೆ. ಮನೆಗೆಲಸದ ಹೆಂಗಸರ ಪಾಡಂತೂ ಇನ್ನೂ ಕಷ್ಟ, ಏಕೆಂದರೆ ಅವರ ಕೆಲಸದ ಜಾಗವೂ ವಾಸದ ಜಾಗವೂ ಒಂದೇ ಗೋಡೆಯೊಳಗೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಲವಂತದ ದುಡಿಮೆಯ 11 ಲಕ್ಷಣಗಳನ್ನು ಪಟ್ಟಿ ಮಾಡಿದೆ. ಗುರುತಿನ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳುವುದು ಅದರಲ್ಲಿ ಒಂದು. ಪಾಸ್‌ಪೋರ್ಟನ್ನು ಜೋಪಾನಕ್ಕಾಗಿ ಇಟ್ಟುಕೊಂಡಿದ್ದೇವೆ ಎನ್ನುವವರ ಮಾತನ್ನು ನಾವು ಇನ್ನಾದರೂ ನಂಬುವುದನ್ನು ಬಿಡಬೇಕು.

ಇಲ್ಲಿ ಕೆಲಸಕ್ಕೆ ಬರುವುದು ಬೇರೊಂದು ಚರಿತ್ರೆ, ಅದು ನಮ್ಮ ನ್ಯಾಯಾಲಯಗಳಲ್ಲಿ ನಡೆದದ್ದು. ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷವಾದರೂ ಪಾಸ್‌ಪೋರ್ಟ್ ಕೊಡುವುದಕ್ಕೆ ನಮ್ಮಲ್ಲಿ ಕಾಯ್ದೆಯೇ ಇರಲಿಲ್ಲ. ಕೊಟ್ಟರೆ ಸರ್ಕಾರದ ಕೃಪೆ. ವಿದೇಶ ಪ್ರಯಾಣ ವ್ಯಕ್ತಿಸ್ವಾತಂತ್ರ್ಯದ ಭಾಗ ಎಂದು ಕೇರಳ, ಬಾಂಬೆ ಹೈಕೋರ್ಟುಗಳು ಹೇಳಿದವು. 1965ರಲ್ಲಿ ನಮ್ಮ ಮೈಸೂರು ಹೈಕೋರ್ಟೂ ಅದೇ ನಿಲುವು ತಳೆಯಿತು. ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. ಕೊನೆಗೆ 1967ರ ಏಪ್ರಿಲ್ 10ರಂದು ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರಿದ್ದ ಐವರ ಪೀಠ 3-2ರ ಬಹುಮತದಿಂದ ಮೈಸೂರಿನವರು ಹೇಳಿದ್ದನ್ನೇ ಎತ್ತಿಹಿಡಿಯಿತು. ಸರ್ಕಾರ ಅವಸರದಲ್ಲಿ ಸುಗ್ರೀವಾಜ್ಞೆ ತಂದು, ಜೂನ್ 24ಕ್ಕೆ ಪಾಸ್‌ಪೋರ್ಟ್ ಕಾಯ್ದೆ ಮಾಡಿತು. 1978ರಲ್ಲಿ ಮೇನಕಾ ಗಾಂಧಿ ಪ್ರಕರಣ ಇನ್ನೂ ಮುಂದೆ ಹೋಯಿತು: ಪಾಸ್‌ಪೋರ್ಟ್ ವಶಪಡಿಸಿಕೊಳ್ಳುವ ವಿಧಾನವೂ ನ್ಯಾಯಯುತವಾಗಿರಬೇಕು, ಸರ್ಕಾರ ತನಗೆ ತೋಚಿದಂತೆ ಕಿತ್ತುಕೊಳ್ಳುವಂತಿಲ್ಲ.

1967ರ ಆ ಕಾಯ್ದೆಯ 17ನೆಯ ಸೆಕ್ಷನ್ ಒಂದೇ ವಾಕ್ಯದ್ದು, ಅದರ ತೂಕ ಮಾತ್ರ ದೊಡ್ಡದು. ಪಾಸ್‌ಪೋರ್ಟ್ ಯಾವತ್ತಿಗೂ ಕೇಂದ್ರ ಸರ್ಕಾರದ ಸ್ವತ್ತು. ನಿಮ್ಮದೂ ಅಲ್ಲದ ಮೇಲೆ ನಿಮ್ಮ ಧಣಿಯದು ಹೇಗಾದೀತು? ಸಾಲಕ್ಕೆ ಅಡವಾಗಿ ಪಡೆಯುವ ಏಜೆಂಟನದು ಹೇಗಾದೀತು? 2008ರ ಸುರೇಶ್ ನಂದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಮ್ಮ ಪೊಲೀಸರು ಕೂಡ ಪಾಸ್‌ಪೋರ್ಟನ್ನು ಜಪ್ತಿ ಮಾಡಬಹುದೇ ಹೊರತು ತಮ್ಮಲ್ಲೇ ಹಿಡಿದಿಟ್ಟುಕೊಳ್ಳುವಂತಿಲ್ಲ, ಆ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ಮಾತ್ರ ಎಂದಿತು. ದೇಶದ ಪೊಲೀಸರಿಗೇ ಇಲ್ಲದ ಅಧಿಕಾರ ಪರದೇಶದ ಧಣಿಗೆ ಇರಲು ಸಾಧ್ಯವಿಲ್ಲ.

ಗಲ್ಫಿನ ದೇಶಗಳ ಕಾನೂನೂ ಕಾಗದದ ಮೇಲೆ ಈಗ ದುಡಿಯುವವರ ಪರವಾಗಿದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನ 2021ರ ಕಾರ್ಮಿಕ ಕಾನೂನು ನೌಕರರ ಅಧಿಕೃತ ದಾಖಲೆ ಹಿಡಿದಿಡುವುದನ್ನು ನಿಷೇಧಿಸುತ್ತದೆ. ಕತಾರಿನ 2015ರ ಕಾನೂನಿನ ಪ್ರಕಾರ ವಾಸದ ಪರವಾನಗಿ ಆದ ಕೂಡಲೇ ಪಾಸ್‌ಪೋರ್ಟ್ ಮರಳಿಸಬೇಕು, ತಪ್ಪಿದರೆ 25,000 ರಿಯಾಲ್‌ವರೆಗೆ ದಂಡ. ಕುವೈತ್ 2015ರಲ್ಲಿ ಮನೆಗೆಲಸದವರಿಗಾಗಿ ಮಾಡಿದ ಕಾನೂನು, ಅವರ ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟ್ ಇಟ್ಟುಕೊಳ್ಳಬಾರದು ಎನ್ನುತ್ತದೆ. ತೊಡಕಿರುವುದು ಆ ಒಪ್ಪಿಗೆಯಲ್ಲೇ. ಕತಾರಿನಲ್ಲೂ ನೌಕರನೇ ಲಿಖಿತವಾಗಿ ಕೇಳಿಕೊಂಡರೆ ಧಣಿ ಇಟ್ಟುಕೊಳ್ಳಬಹುದು. ಸೇರಿದ ದಿನ ಸಹಿಗೆಂದು ಮುಂದಿಡುವ ಕಾಗದಗಳ ಕಂತೆಯಲ್ಲಿ ಅರಬ್ಬಿಯಲ್ಲಿ ಬರೆದ ಅಂಥದ್ದೊಂದು ಹಾಳೆ ಸೇರಿಕೊಂಡಿದ್ದರೆ ಕಾನೂನು ಅಲ್ಲಿಗೇ ಮುಗಿಯಿತು. ಹಾಗಾಗಿ ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಅದರ ಫೋಟೊ ತೆಗೆದು ತಿಳಿದವರಿಗೆ ಕಳಿಸಿ ಕೇಳಬೇಕು. ಹಾಗೆ ಸಹಿ ಹಾಕಿಯಾಗಿದ್ದರೂ ಕೇಳಿದಾಗ ಮರಳಿಸಲೇಬೇಕೆಂದು ಕತಾರಿನ ಅದೇ ಕಾನೂನು ಹೇಳುತ್ತದೆ. ಕೇಳಿದ್ದಕ್ಕೆ ಗುರುತಾಗಿ ವಾಟ್ಸ್ಆ್ಯಪ್ ಸಂದೇಶವಾದರೂ ಇರಲಿ.

ಈಗ ಚಿಪ್ ಇರುವ ಇ-ಪಾಸ್‌ಪೋರ್ಟ್ ಬಂದಿದೆ. ಮಲೇಷ್ಯಾ 1998ರಲ್ಲೇ ತಂದಿತ್ತು. ನಮ್ಮಲ್ಲಿ 2008ರಲ್ಲಿ ರಾಜತಾಂತ್ರಿಕರಿಗೆ ಮೊದಲು ಕೊಟ್ಟು, 2024ರಿಂದ ಸಾಮಾನ್ಯರಿಗೂ ಕೊಡಲು ಆರಂಭಿಸಿದರು. ಮುಂಭಾಗದ ರಕ್ಷಾಪುಟದ ಕೆಳಭಾಗದಲ್ಲಿ ಚಿನ್ನದ ಬಣ್ಣದ ಚಿಕ್ಕ ಗುರುತು ಕಂಡರೆ ಅದು ಇ-ಪಾಸ್‌ಪೋರ್ಟ್. ಫೋಟೊ ಪುಟದ ಬುಡದ ಸಾಲುಗಳನ್ನು ಓದಿದ ಯಂತ್ರಕ್ಕೆ ಮಾತ್ರ ಚಿಪ್ ತೆರೆದುಕೊಳ್ಳುತ್ತದೆ. ಆದ್ದರಿಂದ ದಾರಿಹೋಕರು ಚೀಲದ ಹೊರಗಿಂದಲೇ ವಿವರ ಕದಿಯುತ್ತಾರೆಂದು ಹೆದರಿ ದುಬಾರಿ ಲೋಹದ ಕವಚ ಕೊಳ್ಳಬೇಕಾಗಿಲ್ಲ. ಫೋಟೊ ಬದಲಿಸುವ ಕಸುಬಿಗೆ ಇದು ದೊಡ್ಡ ಪೆಟ್ಟು. ಕಪಾಟಿಗೆ ಬೀಗ ಹಾಕುವವನನ್ನು ಯಾವ ಚಿಪ್ಪೂ ತಡೆಯಲಾರದು.

ಅವನನ್ನು ಎದುರಿಸುವ ತಯಾರಿ ಊರಿನಲ್ಲೇ ಆಗಬೇಕು. ಕೆಲಸಕ್ಕೆ ಹೊರಡುವವರು ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಕೆಲಸದ ಒಪ್ಪಂದ, ಏಜೆಂಟನ ನೋಂದಣಿ ವಿವರ, ಇವಿಷ್ಟರ ಪ್ರತಿಯನ್ನು ಮನೆಯಲ್ಲಿ ಅಕ್ಷರ ಬಲ್ಲ ಒಬ್ಬರ ಕೈಗೆ ಕೊಟ್ಟು ಹೋಗಬೇಕು, ಮೊಬೈಲಿನಲ್ಲಿ ಮಾತ್ರ ಅಲ್ಲ, ಕಾಗದದಲ್ಲಿಯೂ. ವಿದೇಶಾಂಗ ಸಚಿವಾಲಯ 2015ರಲ್ಲಿ ತೆರೆದ ಮದದ್ ಜಾಲತಾಣದಲ್ಲಿ ತೊಂದರೆಗೆ ಸಿಲುಕಿದವರೇ ದೂರು ಕೊಡಬೇಕೆಂದಿಲ್ಲ. ಊರಿನಲ್ಲಿರುವ ಹೆಂಡತಿ, ತಮ್ಮ, ಮಗಳು ಯಾರಾದರೂ ಕೊಡಬಹುದು. ದೂರು ಆಯಾ ದೇಶದ ನಮ್ಮ ರಾಯಭಾರ ಕಚೇರಿಗೆ ಹೋಗುತ್ತದೆ. 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ವಕೀಲರ ನೆರವು, ಉಳಿಯಲು ಜಾಗ, ಊರಿಗೆ ಮರಳಲು ಟಿಕೆಟ್ ಕೊಡಿಸುವ ಅವಕಾಶ ಆ ಕಚೇರಿಗಳಿಗಿದೆ. ಆದರೆ ಹೆಸರು ಅಬ್ದುಲ್, ಊರು ಭಟ್ಕಳ ಎಂದರೆ ಯಾರನ್ನೂ ಹುಡುಕಲಾಗದು. ಪಾಸ್‌ಪೋರ್ಟ್ ಸಂಖ್ಯೆ ಬೇಕು: ಒಂದು ಅಕ್ಷರ, ಏಳು ಅಂಕಿ. ಮನೆಯವರು ಅದನ್ನು ಬರೆದಿಟ್ಟುಕೊಂಡಿದ್ದರೆ, ಪುಸ್ತಿಕೆ ಯಾರ ಕಪಾಟಿನಲ್ಲಿದ್ದರೂ ಔಟ್‌ಪಾಸ್‌ಗೆ ಬೇಕಾದ ಗುರುತು ಪತ್ತೆ ಅಲ್ಲಿಂದಲೇ ಶುರುವಾಗುತ್ತದೆ.